ಹೆಸರು ಹೇಳಬಾರದ ಗಿಡಗಳು

"ಗಿಡ ಎಣಿಸ್ಲಿಕ್ಕೆ ಬಂದದ್ದಲ್ವಾ? ಎಣಿಸಿ. ಬಸಳೆ ಒಂದು ಚಪ್ಪರ, ತೊಂಡೆ ಒಂದು ಚಪ್ಪರ. ಹರಿವೆ ಎಷ್ಟುಂಟು ಅಂತ ನನಗೂ ಗೊತ್ತಿಲ್ಲ."

ದೇಯಿ ತಲೆ ಎತ್ತದೆ ಹೇಳಿದಳು. ಯುದ್ಧ ಶುರುವಾಗಿ ನಾಲ್ಕನೆಯ ವರ್ಷ. ಅಕ್ಕಿಗೆ ರೇಷನ್ ಬಂದ ಮೇಲೆ, ಅಂಗಳದಲ್ಲಿ ಏನಾದರೂ ಬೆಳೆಯಿರಿ ಎನ್ನುತ್ತ ಆಫೀಸಿನವರು ಕದ್ರಿ ಗುಡ್ಡದ ಮನೆಮನೆಗೂ ಹತ್ತಿ ಬರುತ್ತಿದ್ದರು. ಬೇಲಿಯಾಚೆ ಕೊಡೆ ಹಿಡಿದು ನಿಂತವನೂ ಅವರಲ್ಲೊಬ್ಬನೆಂದು ಅವಳು ತಿಳಿದಳು.

"ನಾನು ಆಫೀಸಿನವನಲ್ಲ. ಪೇಟೆಯ ಡಿಸ್ಪೆನ್ಸರಿಯಲ್ಲಿ ಕಂಪೌಂಡರ್. ತಂಗಿಗೆ ಕೆಮ್ಮು."

"ಕಂಪೌಂಡರನ ತಂಗಿಗೆ ನನ್ನ ಮದ್ದಾ? ನಿಮ್ಮ ಬಾಟ್ಲಿಗಳಿಗೆಲ್ಲ ಎಂತ ಆಯ್ತು?"

"ಖಾಲಿ. ಹಡಗು ಬರುವುದಿಲ್ಲ."

ಆಗ ಅವಳು ತಲೆ ಎತ್ತಿದಳು. ಮಳೆ ಅವನ ಕೊಡೆಯ ಒಂದು ಕಡ್ಡಿಯಿಂದ ನೇರ ಅವನ ಭುಜಕ್ಕೇ ಸುರಿಯುತ್ತಿತ್ತು. ಅವನಿಗೆ ಅದರ ಪರಿವೆ ಇರಲಿಲ್ಲ.

ಹೆಸರು ಲೀಲಾಧರ. ಹೊಳೆಯಾಚೆ ಬೆಂಗ್ರೆಯ ಮರಳಿನಲ್ಲಿ ಬೆಳೆದ, ಮೀನು ಹಿಡಿಯುವ ಮೊಗವೀರರ ಹುಡುಗ. ದೇಯಿ ಎಲೆ ಬಾಡಿಸಿ ರಸ ಹಿಂಡಿ ಜೇನು ಕಲಸಿ ಕೊಟ್ಟಳು. ವಾರದೊಳಗೆ ತಂಗಿ ಕುಮುದಿನಿಯ ಕೆಮ್ಮು ಇಳಿಯಿತು. ಅವನು ಬರುವುದು ನಿಲ್ಲಲಿಲ್ಲ.

"ತಂಗಿಗೆ ಈಗ ಎಂತ?"

"ಕಾಲು ನೋವು."

"ಮೊನ್ನೆ ಕಿವಿ ನೋವು ಹೇಳಿದ್ರಿ."

"ಅದೇ ಇಳಿದು ಕಾಲಿಗೆ ಬಂತು."

ನಗು ತಡೆಯಲು ಅವಳು ಹರಿವೆಯ ಸಾಲಿಗೆ ಬಾಗಿದಳು. ಅದು ಕೂಡ ಅವನಿಗೆ ಕಂಡಿತು.

ಬಂದರೆ ಹೆಚ್ಚು ಮಾತಿಲ್ಲ. ಅವಳು ಕಳೆ ಕೀಳುತ್ತಿದ್ದಳು, ಅವನು ಬಾವಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಇಬ್ಬರ ನಡುವೆ ಮಳೆ ಬಿಟ್ಟ ಮೇಲಿನ ಎಲೆಗಳು ತೊಟ್ಟಿಕ್ಕುವ ಸದ್ದು ಮಾತ್ರ. ಇಷ್ಟು ಹೊತ್ತು ಸುಮ್ಮನಿದ್ದರೂ ಬೇಸರವಾಗದ ಇನ್ನೊಬ್ಬ ಮನುಷ್ಯ ಲೋಕದಲ್ಲಿ ಇದ್ದಾನೆಂದು ಅವಳು ಯೋಚಿಸಿರಲಿಲ್ಲ.

ಆಷಾಢದ ಆಟಿ ಅಮಾವಾಸ್ಯೆ ಬಂತು. ಅಂದು ಹಾಲೆ ಮರದ ಕೆತ್ತೆಯ, ಎಂದರೆ ತೊಗಟೆಯ, ಕಷಾಯ ಕುಡಿದರೆ ವರ್ಷವಿಡೀ ರೋಗವಿಲ್ಲವೆಂದು ಊರಿಗೆ ಊರೇ ಕುಡಿಯುತ್ತದೆ. ದೇಯಿಯ ಮನೆಯದು ತಲೆಮಾರುಗಳಿಂದ ಮದ್ದು ಕೊಡುವ ಮನೆ. ಗುಡ್ಡದ ನಲವತ್ತು ಮನೆಗಳಿಗೆ ಕಷಾಯ ಇಲ್ಲಿಂದಲೇ. ಮುನ್ನಾದಿನ ಸಂಜೆ ಹೆಣ್ಣೊಬ್ಬಳು ಮರಕ್ಕೆ ನೂಲು ಕಟ್ಟಬೇಕು. ಬೆಳಗಾಗುವ ಮೊದಲು ಮನೆಯ ಯಜಮಾನ ದೀಪವಿಲ್ಲದೆ ಹೋಗಿ, ಕೈಗೆ ನೂಲು ತಾಗಿದ ಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಆ ಮರವಾಗಲಿ ಹಿತ್ತಲಿನ ಮದ್ದಿನ ಗಿಡವಾಗಲಿ ಯಾವುದೆಂದು ಹೊರಗಿನವರೆದುರು ಹೇಳುವಂತಿಲ್ಲ.

"ನೂಲು ನಾನು ಕಟ್ತೇನೆ," ಎಂದ ಲೀಲಾಧರ. "ಇಳಿಜಾರು ಜಾರ್ತದೆ. ಯಾವ ಮರ?"

"ಹೇಳ್ಲಿಕ್ಕಿಲ್ಲ."

"ಹಾಗಾದ್ರೆ ಕಣ್ಣಲ್ಲಿ ತೋರಿಸಿ."

ಅವಳು ತೋರಿಸಿದಳು. ಆ ನೋಟ ಕಲ್ಲುಬಂಡೆಯನ್ನು ದಾಟಿ, ಮರವನ್ನು ಮುಟ್ಟಿ, ಹಿಂದೆ ಬಂತು. ಅವನು ನೋಡುತ್ತಿದ್ದದ್ದು ನೋಟ ಹೊರಟ ಜಾಗವನ್ನು. ತಡವಾಗಿ ತಿರುಗಿದಾಗ ಅಲ್ಲಿ ಎರಡು ಮರಗಳಿದ್ದವು. ಅವನು ಒಂದಕ್ಕೆ ನೂಲು ಸುತ್ತಿ, ಗೆದ್ದವನಂತೆ ಇಳಿದು ಬಂದ.

ಅದು ಕಾಸರಕ, ವಿಷದ ಮರ. ಹಡಗು ನಿಲ್ಲುವ ಮೊದಲು ಅದೇ ಮರದ ಬೀಜದ ಟಿಂಕ್ಚರನ್ನು ಡಿಸ್ಪೆನ್ಸರಿಯಲ್ಲಿ ಅವನು ದಿನವೂ ಹನಿ ಎಣಿಸಿ ಕೊಡುತ್ತಿದ್ದ. ಮರವನ್ನು ಮಾತ್ರ ಮರಳಿನ ಊರಿನವನು ಕಂಡಿರಲಿಲ್ಲ.

ಅಮಾವಾಸ್ಯೆಯಿಂದ ಮೂರನೆಯ ದಿನ ಕಿನ್ನಿ, ಕದ್ರಿಯಲ್ಲಿ ದೇಯಿಯ ನೆರೆಮನೆಯವಳು, ಜ್ವರದ ಮಗುವನ್ನು ಎತ್ತಿಕೊಂಡು ಡಿಸ್ಪೆನ್ಸರಿಗೆ ಬಂದಳು.

"ಇನ್ನು ನಾವೆಲ್ಲ ಇಲ್ಲಿಗೇ ಬರ್ಬೇಕು. ದೇಯಕ್ಕನ ಕೈಗುಣ ಹೋಯ್ತು. ಕಷಾಯ ಮೊದಲು ತಾನು ಕುಡಿದು ನೋಡಿದ್ಳು, ಕಹಿ ಬೇರೆ ಉಂಟು ಅಂತ ಉಗಿದು ಪಾತ್ರೆಯನ್ನೇ ಮಗುಚಿದ್ಳು. ಆದ್ರೂ ಎರಡು ದಿನ ದವಡೆ ಕಚ್ಚಿಕೊಂಡು ಮಲಗಿದ್ಳು. ಇನ್ನು ಮದ್ದೇ ಬೇಡ ಅಂತ ಅವಳ ಮಾವ ನೋಣಯ್ಯಣ್ಣ ಇವತ್ತು ಮದ್ದಿನ ಹಿತ್ತಲನ್ನು ಅಗೆಸ್ತಾರೆ."

"ನೂಲು ಯಾರು ಕಟ್ಟಿದ್ದಂತೆ?" ಎಂದು ಕೇಳಿದ ಲೀಲಾಧರ.

"ತಾನೇ ಅಂತ ಅವಳೇ ಹೇಳಿದ್ದು."

ಅವನು ಕೈಯಲ್ಲಿದ್ದ ಬಾಟ್ಲಿಯನ್ನು ಕೆಳಗಿಟ್ಟು ಹೊರಟೇಬಿಟ್ಟ. ಕಿನ್ನಿ ಮಗುವಿನೊಂದಿಗೆ ಹಿಂದೆಯೇ ಓಡಿದಳು.

ಹಿತ್ತಲಿನಲ್ಲಿ ಆಳು ತುಕ್ರ ಹಾರೆ ಹಿಡಿದು ನಿಂತಿದ್ದ. ದೇಯಿಯ ತಾಯಿಯ ಅಣ್ಣ ನೋಣಯ್ಯ, ಆ ಮನೆಯ ಯಜಮಾನ, ಅವನಿಗೆ ಸಾಲು ತೋರಿಸುತ್ತಿದ್ದರು. ನಾಲ್ಕಾರು ಮಂದಿ ಬೇಲಿಗೆ ಬಂದು ಸೇರಿದ್ದರು. ದೇಯಿ ಸಾಲಿನ ನಡುವೆಯೇ ನಿಂತಿದ್ದಳು. ಮುಖ ಬಿಳುಚಿತ್ತು, ಕಾಲು ಕದಲಿರಲಿಲ್ಲ.

"ನೂಲು ಕಟ್ಟಿದ್ದು ನಾನು," ಎಂದ ಲೀಲಾಧರ.

"ನೀನು ಯಾರು ಮಾರಾಯ?" ಎಂದರು ನೋಣಯ್ಯ.

"ಬೆಂಗ್ರೆಯ ಲೀಲಾಧರ."

"ಬಲೆ ಹಾಕುವವನಿಗೆ ಗುಡ್ಡದ ಮರದಲ್ಲಿ ಎಂತ ಕೆಲಸ?"

"ಕೆಲಸ ಇರ್ಲಿಲ್ಲ. ಇವರ ಹತ್ರ ಇರ್ಲಿಕ್ಕೆ ಒಂದು ಕೆಲಸ ಬೇಕಿತ್ತು."

ತುಕ್ರ ಕೆಮ್ಮಿದ. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಾಯಿತು.

"ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ಆಗುದಿಲ್ವಾ ನಿಮಗೆ?" ದೇಯಿ ರೇಗಿದಳು. ದವಡೆ ಇನ್ನೂ ಬಿಗಿದಿದ್ದರಿಂದ ಮಾತು ತಡೆತಡೆದು ಬಂತು.

"ನನ್ನ ತಪ್ಪನ್ನು ನೀವು ಹೊತ್ತುಕೊಂಡ್ರೆ, ಆಗುದಿಲ್ಲ."

"ಕೇಳಿದ್ರಾ?" ನೋಣಯ್ಯ ಬೇಲಿಯತ್ತ ತಿರುಗಿದರು. "ಹೊರಗಿನವನಿಗೆ ಮರ ತೋರಿಸಿದ್ದಾಳೆ. ಅದಕ್ಕೇ ಮದ್ದು ವಿಷ ಆದದ್ದು. ತುಕ್ರಾ, ಅಗೆ!"

"ತೋರಿಸಿದ್ದಕ್ಕಲ್ಲ ಮಾವ, ಹೇಳದೆ ಇದ್ದದ್ದಕ್ಕೆ." ದೇಯಿ ಹಾರೆಯ ಮೊನೆಯ ಮುಂದೆ ಬಂದು ನಿಂತಳು. "ನೀವು ಕತ್ತಲೆಯಲ್ಲಿ ನೂಲು ಮುಟ್ಟಿದ್ರಿ, ಮರ ನೋಡ್ಲಿಲ್ಲ. ಇವರು ನನ್ನ ಮುಖ ನೋಡಿದ್ರು, ಮರ ನೋಡ್ಲಿಲ್ಲ. ಕಟ್ಟಿದ್ದು ಸರಿ ಉಂಟಾ ಅಂತ ನೋಡ್ಬೇಕಾದವಳು ನಾನು." ಅವಳು ಉಸಿರು ತೆಗೆದುಕೊಂಡಳು. "ನಾನು ಇವರನ್ನೇ ನೋಡ್ತಿದ್ದೆ."

ತುಕ್ರ ಎತ್ತಿದ ಹಾರೆಯನ್ನು ಇಳಿಸಿದ.

ದೇಯಿ ಬಾಗಿ ಒಂದು ಎಲೆ ಕಿತ್ತು ಅವನ ಅಂಗೈಯಲ್ಲಿಟ್ಟಳು. "ಇದು ಆಡುಸೋಗೆ. ಕೆಮ್ಮಿಗೆ." ಇನ್ನೊಂದು. "ಅಮೃತಬಳ್ಳಿ. ಜ್ವರಕ್ಕೆ. ಇದು ನೆಲನೆಲ್ಲಿ, ಕಾಮಾಲೆಗೆ. ಇದು ಒಂದೆಲಗ, ಚಟ್ನಿಯೂ ಆಗ್ತದೆ, ಮದ್ದೂ ಆಗ್ತದೆ."

"ಹೆಣ್ಣೇ!" ನೋಣಯ್ಯ ಗದರಿದರು. "ಮನೆಯವರಿಗೆ ಮಾತ್ರ ಹೇಳುವ ಹೆಸರುಗಳು ಅವು!"

"ಮನೆಯವರಿಗೇ ಹೇಳ್ತಿದ್ದೇನೆ."

ಲೀಲಾಧರನ ಕಿವಿಗಳು ಕೆಂಪಾದವು. ಅವನು ಅಂಗೈಯ ಎಲೆಗಳನ್ನು ಒಂದೂ ಬೀಳದಂತೆ ಮುಚ್ಚಿಕೊಂಡ.

"ನಾನು ಈ ಮನೆಯ ಯಜಮಾನ."

"ಹೌದು. ಆದ್ರೆ ನಮ್ಮಲ್ಲಿ ಮನೆ ಹೆಣ್ಣಿನ ಸಾಲಿಗೆ ಸೇರಿದ್ದು, ಇದು ಅಮ್ಮನಿಂದ ನನಗೆ ಬಂದದ್ದು. ಇನ್ನು ಇಲ್ಲಿ ಗುಟ್ಟಿನ ಗಿಡ ಇಲ್ಲ. ಬೇಕಾದವರು ಕಲೀಲಿ."

ತುಕ್ರ ಹಾರೆಯನ್ನು ಬೇಲಿಗೆ ಒರಗಿಸಿ, ಅದರಿಂದ ಎರಡು ಹೆಜ್ಜೆ ದೂರ ಸರಿದು ನಿಂತ. ಕಿನ್ನಿ ಮಾತ್ರ ಮುಂದೆ ಬಂದಳು.

"ಮಗುವಿಗೆ ಜ್ವರ ಬಿಟ್ಟಿಲ್ಲ. ಕೊಡಿ ದೇಯಕ್ಕ. ಇಷ್ಟು ಗಲಾಟೆ ಮಾಡಿ ಕೊಟ್ಟ ಮದ್ದು ನಾಟದೆ ಇದ್ರೆ ನೋಣಯ್ಯಣ್ಣನನ್ನೇ ಬೈತೇನೆ."

"ಅರೆಯಿರಿ," ಎಂದಳು ದೇಯಿ, ಲೀಲಾಧರನಿಗೆ.

ಅವನು ಅಮೃತಬಳ್ಳಿಯ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ, ಅವಳು ತಲೆಯಾಡಿಸಿದ ಮೇಲೆಯೇ ಕಲ್ಲಿಗೆ ಹಾಕಿ ಅರೆದ. ರಸವನ್ನು ಮಗುವಿನ ತುಟಿಗೆ ಹಿಡಿಯುವ ಮೊದಲು ಅವನು ಅವಳ ಮುಖ ನೋಡಿದ. ಅವಳು ಅವನ ಕೈಯ ಕೆಳಗೆ ತನ್ನ ಕೈ ಇಟ್ಟಳು. ಮಗು ನುಂಗಿದ ಮೇಲೂ ತೆಗೆಯಲಿಲ್ಲ.

ಬೇಲಿಯ ಉದ್ದಕ್ಕೂ ಕಣ್ಣುಗಳು ಆ ಎರಡು ಕೈಗಳ ಮೇಲಿದ್ದವು.

"ಎಲ್ಲರೂ ನೋಡಿ ಆಯ್ತಾ?" ಎಂದಳು ದೇಯಿ. "ಹಾಗಾದ್ರೆ ಆಚೆ ನಿಲ್ಲಿ. ಮಗುವಿಗೆ ಗಾಳಿ ಬರ್ಲಿ."