ಮದ್ದಿನ ಪುಸ್ತಕದ ನಕಲು

ಅಪ್ಪನ ನಾಟಿ ಮದ್ದಿನ ಪುಸ್ತಕವನ್ನು ಅಣ್ಣ ಬಸವಲಿಂಗಯ್ಯ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟ ಸುದ್ದಿ ಗಿರಿಜಾಂಬನಿಗೆ ತಿಳಿದದ್ದು ಪೇಪರಿನಿಂದ. ಫೋಟೋದಲ್ಲಿ ಅಣ್ಣನಿಗೆ ಶಾಲು ಹೊದಿಸಿದ್ದರು. ಕೈನಡುಕದ ಅಪ್ಪ ಹೇಳಿದ್ದನ್ನೆಲ್ಲ ಒಂಬತ್ತನೇ ವಯಸ್ಸಿನಲ್ಲಿ ಜಗುಲಿ ಮೇಲೆ ಕೂತು ಬರೆದವಳು ಅವಳು. ಆ ಮಾತು ಸುದ್ದಿಯಲ್ಲಿ ಎಲ್ಲೂ ಇರಲಿಲ್ಲ.

ಫೋನ್ ಮಾಡಿದಳು.

“ಮನೇಲಿದ್ರೆ ಗೆದ್ದಲು ತಿಂತಿತ್ತು ಕಣವ್ವ. ನೋಡ್ಬೇಕು ಅನ್ಸುದ್ರೆ ಅಲ್ಗೇ ಹೋಗು, ಯಾರ್ ಬೇಕಾದ್ರೂ ಹೋಗ್ಬೌದು,” ಎಂದ ಅಣ್ಣ.

ಹೋದಳು. ಕುದೂರಿನಿಂದ ಮಾಗಡಿ, ಅಲ್ಲಿಂದ ರಾಮನಗರದ ಬಸ್ಸು. ವಿಶ್ವವಿದ್ಯಾಲಯದ ಲೈಬ್ರರಿ ಗೇಟಿನಲ್ಲಿ ಆಧಾರ್ ತೋರಿಸಿ, ಬ್ಯಾಗು ಕೌಂಟರಿನಲ್ಲಿಟ್ಟು, ತಾನೇ ಬರೆದ ಪುಸ್ತಕವನ್ನು ಹೊರಗಿನವಳಂತೆ ಎರಡು ಗಂಟೆ ಓದಿದಳು. ಸಂಜೆ ವಾಪಸು ಕೊಡುವಾಗ ಬೆರಳು ಬಿಡಲೊಲ್ಲದು. ಅದನ್ನು ಮನೆಗೆ ತರಲೇಬೇಕೆಂದು ಅವತ್ತೇ ತೀರ್ಮಾನಿಸಿದಳು.

ಮುದ್ದೆ ತಿರುವುವಾಗಲೂ ಮನಸ್ಸು ಆ ಓದುವ ಕೋಣೆಯಲ್ಲೇ ಸುತ್ತುತ್ತಿತ್ತು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪೆನ್ಸಿಲಿನಲ್ಲಿ ಬರೆದುಕೊಳ್ಳಲು ಯಾರ ಅಡ್ಡಿಯೂ ಇರಲಿಲ್ಲ. ಒಂಬತ್ತು ಸಲ ಹೋಗಿ ಪೂರ್ತಿ ಇಳಿಸಿಕೊಂಡಳು. ಅದೇ ಅಳತೆಯ ಖಾಲಿ ಪುಸ್ತಕವೊಂದು ಮಾಗಡಿಯ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಹಾಳೆಗಳಿಗೆ ಟೀ ಡಿಕಾಕ್ಷನ್ ಸವರಿ ಬಿಸಿಲಿಗಿಟ್ಟು, ಒಣಗಿದ ಮೇಲೆ ಶಾಯಿಯಲ್ಲಿ ಎಲ್ಲ ಬರೆದಳು. ಲೈಬ್ರರಿಯ ಸೀಲು ಇದ್ದದ್ದು ಹೊರಗಿನ ರಟ್ಟಿನ ಹೊದಿಕೆಯ ಮೇಲೆ ಮಾತ್ರ. ಅದನ್ನು ಬಿಚ್ಚಿ ನಕಲಿಗೆ ತೊಡಿಸಲು ಒಂದು ನಿಮಿಷ ಸಾಕು. ಕ್ಯಾಮೆರಾ ಬಾಗಿಲ ಕಡೆ ನೋಡುತ್ತಿತ್ತು, ಕಂಬದ ಹಿಂದಿನ ಮೇಜು ಅದಕ್ಕೆ ಕಾಣದು. ಇನ್ನು ಅಕ್ಷರ. ಮೂವತ್ತನಾಲ್ಕು ವರ್ಷ ಕನ್ನಡ ಮೇಡಂ ಆಗಿ ಬೋರ್ಡಿನ ಮೇಲೆ ಬರೆದರೂ ಅವಳ ದುಂಡು ತಲೆಕಟ್ಟು ಬದಲಾಗಿರಲಿಲ್ಲ. ಯಾವ ಪರಿಣತ ಬಂದರೂ ಎರಡೂ ಒಂದೇ ಕೈ ಎಂದೇ ಹೇಳಬೇಕು. ಅದು ನಿಜವೂ ಹೌದು.

ಹತ್ತನೆಯ ಸಲ ನಕಲನ್ನು ಸೊಂಟಕ್ಕೆ ಬಟ್ಟೆಯಲ್ಲಿ ಬಿಗಿದು ಹೋದಳು. ಅರವತ್ತು ದಾಟಿದ ಹೆಂಗಸಿನ ಸೆರಗನ್ನು ಯಾರೂ ತಡಕಲಿಲ್ಲ. ಕಂಬದ ಹಿಂದೆ ಹೊದಿಕೆ ಬದಲಾಯಿತು. ಅಪ್ಪನ ಪುಸ್ತಕ ಸೆರಗಿನಡಿ ಸೇರಿತು. ನಕಲನ್ನು ಲೈಬ್ರೇರಿಯನ್ ಮುಬಶ್ಶಿರಾಳ ಕೈಗಿತ್ತು ಹೊರಟಳು.

“ಅಮ್ಮ, ಒಸಿ ಕೂತ್ಕೊಳ್ಳಿ,” ಎಂದಳು ಮುಬಶ್ಶಿರಾ. “ಇಷ್ಟ್ ಸಲ ಬಂದಿದೀರ, ನಿಮ್ಗೇ ತೋರಿಸ್ಬೇಕು. ಇದನ್ನ ಬರ್ದಿರೋದು ದೊಡ್ಡೋರಲ್ಲ, ಯಾವ್ದೋ ಮಗು. ಅಚ್ಚು ಹಾಕ್ಸೋವಾಗ ಆ ಮಗು ಯಾರು ಅಂತ ಹುಡ್ಕಿ, ಹೆಸ್ರು ಮುಂದ್ಗಡೆನೇ ಹಾಕ್ಸೋಣ ಅಂತ ನಾವೆಲ್ಲ ಮಾತಾಡ್ಕಂಡಿದೀವಿ.”

ಗಿರಿಜಾಂಬ ನಿಂತಲ್ಲೇ ನಿಂತಳು. “ಮಗು ಅಂತ ಹೆಂಗ್ ಗೊತ್ತಾಯ್ತವ್ವ?”

“‘ಹ’ ಬರೋ ಕಡೆಯೆಲ್ಲ ‘ಅ’ ಬರ್ದೈತೆ, ಬಾಯಲ್ಲಿ ಆಡೋ ಹಂಗೇ. ಇಲ್ನೋಡಿ, ‘ಅಸುವಿನ ಆಲು’...” ಮುಬಶ್ಶಿರಾ ಪುಟ ತಿರುವಿದಳು. ಇನ್ನೊಂದು ತಿರುವಿದಳು. ಮತ್ತೆ ಹಿಂದಕ್ಕೆ ಬಂದಳು. ಅವಳ ಬೆರಳು ನಿಂತಲ್ಲಿ ದುಂಡಗೆ, ತಪ್ಪಿಲ್ಲದೆ ‘ಹಸುವಿನ ಹಾಲು’ ಎಂದಿತ್ತು. ಒಂಬತ್ತು ದಿನ ಪೆನ್ಸಿಲು ಹಿಡಿದು ಕೂತಿದ್ದಾಗ, ಮೇಡಂ ಕೈ ಅವಳನ್ನೊಂದು ಮಾತೂ ಕೇಳದೆ ಆ ಮಗುವಿನ ತಪ್ಪುಗಳನ್ನೆಲ್ಲ ತಿದ್ದಿಬಿಟ್ಟಿತ್ತು.