ಅಪ್ಪ ಹೇಳಬೇಡ ಅಂದಿದ್ದು

ಅಡುಗೆಮನೆಯ ಮೇಜೇ ಶಾಲೆಯಾಗಿ ಕೆಲವು ವಾರಗಳಾಗಿದ್ದವು. ಮಕ್ಕಳ ಅಪ್ಪ ಬಸ್ ಡ್ರೈವರ್; ಡ್ಯೂಟಿಗೆ ಹೊರಡುವ ಮುಂಚೆ ದಿನವೂ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಅಂದೂ ಕೆಮ್ಮಿದ.

"ಮಿಸ್, ಒಳಗೆ ಬರ್ಲಾ?"

"ಯಾಕೆ ಲೇಟು?" ಅವನ ಹೆಂಡತಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಬಸ್ ಸಿಗಲಿಲ್ಲ ಮಿಸ್."

"ಬಸ್ ಓಡ್ಸೋನೇ ನೀನು."

"ಅದಕ್ಕೇ ಮಿಸ್. ನಾನಿನ್ನೂ ಇಲ್ಲೇ ಇದ್ರೆ ಬಸ್ ಎಲ್ಲಿಂದ ಬರ್ಬೇಕು?"

ಮಕ್ಕಳಿಬ್ಬರೂ ಕಿಸಕ್ಕನೆ ನಕ್ಕರು. ಮೊಣಕಾಲು ಗಲ್ಲಕ್ಕೆ ತಾಗುವಂತೆ ಅವನು ಪುಟ್ಟ ಸ್ಟೂಲಿನ ಮೇಲೆ ಕೂತು, ಪಾಠಕ್ಕೆ ಸಂಬಂಧವೇ ಇಲ್ಲದ ಕಣ್ಣಲ್ಲಿ ಅವಳನ್ನೇ ನೋಡಿದ. ಅವಳು ಪುಸ್ತಕವನ್ನು ಇನ್ನಷ್ಟು ಮೇಲಕ್ಕೆ ಹಿಡಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಆ ನೋಟಕ್ಕೆ ಕಿವಿ ಕೆಂಪಾಗುತ್ತದೆಂಬುದು ಅವಳಿಗೇ ನಾಚಿಕೆಯ ಸಂಗತಿ.

"ಹೊರಡು. ನಿನ್ನ ದಾರಿ ಕಾಯ್ತಾ ಜನ ನಿಂತಿರ್ತಾರೆ."

"ಕಾಯೋರು ಇಲ್ಯಾರೂ ಇಲ್ವಾ?"

"ಇಲ್ಲ. ಇಲ್ಲಿ ಮಗ್ಗಿ ಕಾಯ್ತಾ ಇದೆ."

ಅವನು ನಗುತ್ತ ಹೋದ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಅವಳು ಅಂದುಕೊಂಡಳು. ಆಗ ತಾನೇ ಅಂದುಕೊಂಡ ಆ ಮಾತು ಮಧ್ಯಾಹ್ನದ ಹೊತ್ತಿಗೆ ಅವಳನ್ನು ಚುಚ್ಚಲಿತ್ತು.

ಮಗಳಿಗೆ ಏಳು ವರ್ಷ. ಹಸುಗೂಸಾಗಿದ್ದಾಗ ಅತ್ತ ರೀತಿಗೆ ಪಿಟೀಲು ಎಂಬ ಹೆಸರು ಬಿದ್ದು ಹಾಗೇ ಉಳಿದಿತ್ತು. ಅಕ್ಷರ ಕೂಡಿಸಿ ಓದಲು ಬಾರದೆಂದು ಶಾಲೆಯವರು ಅವಳನ್ನು ಕೊನೆಯ ಬೆಂಚಿಗೆ ತಳ್ಳಿದ್ದರು. ಬೆಳಗಾದರೆ ಹೊಟ್ಟೆನೋವು, ಸಂಜೆಯಾದರೆ ಮೌನ. ಕೊನೆಗೆ ಗಂಡಹೆಂಡತಿ ಕೂತು ಮಾತಾಡಿ, ಪಿಟೀಲನ್ನೂ ಐದು ತುಂಬಿದ ಗುಂಡುವನ್ನೂ ಮನೆಯಲ್ಲೇ ಓದಿಸುವುದೆಂದು ತೀರ್ಮಾನಿಸಿದರು. ಸಲೂನಿನಲ್ಲಿ ಕೂದಲು ಕತ್ತರಿಸುವ ಕೆಲಸವನ್ನು ಅವಳು ಬಿಟ್ಟಳು.

ಅದನ್ನು ಕೇಳಿ ನಕ್ಕವರು ಒಬ್ಬರೇ, ಗಂಡನ ಅಕ್ಕ. ಶಾಲೆಯಲ್ಲಿ ಹೆಡ್‌ಮೇಡಂ ಆಗಿ ನಿವೃತ್ತರಾದ ಅತ್ತಿಗೆ.

"ತಲೆ ಹೊರಗಿನ ಕೆಲಸ ಬೇರೆ ಕಣಮ್ಮ, ತಲೆ ಒಳಗಿನ ಕೆಲಸ ಬೇರೆ," ಎಂದಿದ್ದರು.

ಆ ಮಾತು ಅವಳಿಗೆ ಮುಳ್ಳಿನಂತೆ ನಾಟಿತ್ತು. ಆವತ್ತು ಮನೆಗೆ ಬರುವ ದಾರಿಯಲ್ಲಿ ಗಂಡ ಅವಳ ಕೈ ಹಿಡಿದು, "ನಮಗೆ ಯಾರೂ ಬೇಡ. ನಾವಿಬ್ಬರೇ ಸಾಕು. ನಿನ್ನ ಕೈಲಿ ಆಗತ್ತೆ, ನಂಗೊತ್ತು," ಎಂದಿದ್ದ. ಆ ಒಂದು ಮಾತನ್ನು ನಂಬಿ ಅವಳು ಮೇಜಿನ ಮುಂದೆ ನಿಂತಿದ್ದಳು.

ಮೊದಲ ವಾರ ಹೇಳುವ ಹಾಗಿರಲಿಲ್ಲ. ಗುಂಡು ಮೇಜಿನ ಕೆಳಗೆ ಸೇರಿಕೊಂಡು ಬೊಗಳುತ್ತಿದ್ದ. ಪಿಟೀಲು ಪುಸ್ತಕ ತೆಗೆದ ಕೂಡಲೇ ಬಾತ್‌ರೂಮಿಗೆ ಓಡುತ್ತಿದ್ದಳು. ಮಗಳು ಬಂದ ಮೇಲೆ ಇವಳು ಹೋಗಿ, ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಅದನ್ನು ಕಂಡೇ ಇರಬೇಕು, ಗಂಡ ಮಧ್ಯಾಹ್ನದ ಬಿಡುವಿನಲ್ಲಿ ಬಂದು ಮಕ್ಕಳನ್ನು ಪಾರ್ಕಿಗೆ ಕರೆದೊಯ್ಯತೊಡಗಿದ. "ನೀನು ಸ್ವಲ್ಪ ಕಾಲು ಚಾಚು," ಎನ್ನುತ್ತಿದ್ದ.

ಆಮೇಲೆ ಒಂದು ಬುಧವಾರ ಪಿಟೀಲು, ಎಲ್ಲೂ ಎಡವದೆ, "ಮೀನು ನೀರಲ್ಲಿದೆ" ಎಂದು ಓದಿದಳು. ತಾಯಿಗೆ ಕೂಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಡ ಓಡಿಬಂದು ಹೆಂಡತಿಯನ್ನು ಎತ್ತಿ ಅಡುಗೆಮನೆಯ ತುಂಬ ತಿರುಗಿಸಿದ. "ನೀನು ಓದಿಸ್ಬಿಟ್ಟೆ," ಎಂದ. ಬದುಕಿನಲ್ಲಿ ಏನನ್ನಾದರೂ ಗೆದ್ದಿದ್ದೇನೆ ಎಂದು ಅವಳಿಗೆ ಅನಿಸಿದ್ದು ಅಂದು.

ಈಗ ಅವನು ಡ್ಯೂಟಿಗೆ ಹೋದ ಮೇಲೆ ಅವಳು ವಾಕ್ಯ ಮಾಡುವ ಪಾಠ ತೆಗೆದಳು. ನಿನ್ನೆ ಮಾಡಿದ್ದನ್ನು ಒಂದು ಪೂರ್ತಿ ವಾಕ್ಯದಲ್ಲಿ ಹೇಳಬೇಕು.

"ನಿನ್ನೆ ನಾನು ಪಾರ್ಕಲ್ಲಿ ಜಾರುಬಂಡೆ ಆಡಿದೆ," ಎಂದಳು ಪಿಟೀಲು, ತುಸು ಬೇಗನೆ.

"ಗುಂಡು?"

ಗುಂಡು ಕಣ್ಣು ಮುಚ್ಚಿ ಯೋಚಿಸಿದ. "ನಿನ್ನೆ ನಾವು ಅತ್ತೆ ಮನೆಗೆ ಹೋಗಲಿಲ್ಲ."

ಪಿಟೀಲು ಮೇಜಿನ ಕೆಳಗೆ ಅವನನ್ನು ಒದ್ದಳು.

"ಹೋಗಲಿಲ್ಲ ಅಂತಾನೇ ಹೇಳಿದ್ದು," ಗುಂಡುವಿಗೆ ಅಳು ಬಂತು. "ಅಪ್ಪ ಹೇಳಬೇಡ ಅಂದಿದ್ದು ಹೋದೆ ಅಂತ. ನಾನು ಹೋಗಲಿಲ್ಲ ಅಂದೆ."

ಮಕ್ಕಳ ಬಾಯಿಗೆ ಬೀಗ ಹಾಕುವುದೂ ಜರಡಿಯಲ್ಲಿ ನೀರು ಹಿಡಿಯುವುದೂ ಒಂದೇ. ಅವಳು ಪುಸ್ತಕ ಮುಚ್ಚಿದಳು. ಬೈಯಲಿಲ್ಲ. ಇಬ್ಬರಿಗೂ ಚಪ್ಪಲಿ ಹಾಕಿಸಿ ನೇರ ಅತ್ತಿಗೆಯ ಮನೆಗೆ ನಡೆದಳು. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಮಸೆದುಕೊಂಡೇ ಹೋದಳು.

ಬಾಗಿಲು ತೆರೆದ ಅತ್ತಿಗೆಯ ಮುಖ ಅರಳಿತು.

"ಬಾ. ನೀನು ಯಾವಾಗ ಬರ್ತೀಯಾ ಅಂತಾನೇ ಕಾಯ್ತಿದ್ದೆ. ಮಕ್ಕಳನ್ನ ನೀನಾಗೇ ಪಾಠಕ್ಕೆ ಕಳಿಸಿದ್ದು ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ಆವತ್ತು ಹಾಗೆ ಅಂದಿದ್ದಕ್ಕೆ ನಾನೇ ಆಮೇಲೆ ನೊಂದ್ಕೊಂಡೆ."

"ನಾನು ಕಳಿಸಿದ್ದು?"

"ಹೂಂ, ನನ್ನ ತಮ್ಮ ಬಂದು ಹೇಳಿದ. ಕೇಳಕ್ಕೆ ಅವಳಿಗೆ ಸಂಕೋಚ, ನೀನೇ ದೊಡ್ಡ ಮನಸ್ಸು ಮಾಡು ಅಕ್ಕ ಅಂತ. ಮೀನಿನ ಪಾಠ ಪಿಟೀಲು ಓದಿದ ದಿನ ಆ ಕಿಟಕಿ ಹತ್ರ ನಿಂತು ಅತ್ತುಬಿಟ್ಟ ನಿನ್ನ ಗಂಡ."

"ಯಾವತ್ತು?"

"ಸೋಮವಾರ ಇರ್ಬೇಕು. ಯಾಕೆ?"

ಮನೆಯಲ್ಲಿ ಪಿಟೀಲು ಅದನ್ನು ಓದಿದ್ದು ಬುಧವಾರ, ಎರಡು ದಿನ ಕಳೆದ ಮೇಲೆ. ಮಸೆದು ತಂದ ಮಾತೆಲ್ಲ ಅಲ್ಲೇ ಮೊಂಡಾಯಿತು. ಮೋಸ ಹೋದವಳು ತಾನೊಬ್ಬಳೇ ಅಲ್ಲ. "ಏನಿಲ್ಲ. ಹೌದು, ನಾನೇ ಕಳಿಸಿದ್ದು," ಎಂದಳು. ಉಳಿಸಿದ್ದು ಗಂಡನ ಮಾನವೋ ತನ್ನದೋ, ಅವಳಿಗೆ ಗೊತ್ತಾಗಲಿಲ್ಲ.

ಅತ್ತಿಗೆಯ ಬೀದಿಯ ಕೊನೆಯಲ್ಲೇ ಅವನ ಬಸ್ಸಿನ ಸ್ಟಾಪ್. ಬಸ್ಸು ಬಂದು ಬಾಗಿಲು ತೆರೆದಾಗ ಹೆಂಡತಿ, ಮಕ್ಕಳು ಹತ್ತುವುದನ್ನು ಕಂಡು ಅವನ ಮುಖ ಮೊದಲು ಬೆಳಗಿ, ಆಮೇಲೆ ಯಾವ ಬೀದಿಯೆಂದು ಹೊಳೆದು ಕಳೆಗುಂದಿತು. ಅವಳು ಅವನ ಹಿಂದಿನ ಸೀಟಿನಲ್ಲಿ ಕೂತಳು. ಪ್ರತಿ ಸ್ಟಾಪಿನಲ್ಲೂ ಅವನು ಕನ್ನಡಿಯಲ್ಲಿ ಅವಳ ಕಣ್ಣು ಹುಡುಕಿದ. ಅವಳು ಕಿಟಕಿಯ ಆಚೆಗೇ ನೋಡಿದಳು.

ಕೊನೆಯ ಸ್ಟಾಪಿನಲ್ಲಿ ಜನವೆಲ್ಲ ಇಳಿದರು. ಮಕ್ಕಳು ಹಿಂದಿನ ಉದ್ದ ಸೀಟಿಗೆ ಓಡಿದರು. ಅವನು ಎಂಜಿನ್ ಆರಿಸಿದ.

"ಹೇಳ್ಬೇಕು ಅಂತಾನೇ ಇದ್ದೆ," ಎಂದ ಅವನು, ಸ್ಟೀರಿಂಗ್ ಹಿಡಿದುಕೊಂಡೇ.

"ಯಾವಾಗ? ಪಿಟೀಲು ಕಾಲೇಜಿಗೆ ಹೋದ್ಮೇಲಾ?"

"ನೀನು ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ನಂಗೆ ಕೇಳ್ತಿತ್ತು. ಅಕ್ಕನ್ನ ಕೇಳು ಅಂದ್ರೆ ನೀನು ಸಾಯ್ತಿದ್ದೆ ಹೊರತು ಕೇಳ್ತಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ..."

"ಹಾವು ಯಾರು ಇದರಲ್ಲಿ? ನಾನಾ?"

ಅವನು ಸ್ಟೀರಿಂಗಿನಿಂದ ಕೈ ತೆಗೆದ.

"ಪಾಠ ಹೇಳಿಸಿದ್ದಕ್ಕಲ್ಲ ನಂಗೆ ಉರೀತಿರೋದು," ಎಂದಳು ಅವಳು. "ನನ್ನ ಮಕ್ಕಳಿಗೆ ನನ್ನ ಹತ್ರ ಸುಳ್ಳು ಹೇಳಕ್ಕೆ ಕಲಿಸಿದೆ. ಅದರಲ್ಲಿ ಮಾತ್ರ ನೀನು ಒಳ್ಳೆ ಮೇಷ್ಟ್ರು. ಆ ಬುಧವಾರ ನನ್ನನ್ನ ಎತ್ತಿ ತಿರುಗಿಸಿದ್ಯಲ್ಲ, ಅದೂ ನಾಟಕ. ನೀನು ಆಗಲೇ ಕೇಳಿಯಾಗಿತ್ತು. ಮಗುವೂ ನನಗೋಸ್ಕರ ನಾಟಕ ಆಡಿತು. ಮನೇಲಿ ಎಲ್ಲರಿಗೂ ಗೊತ್ತು, ಕುಣಿದವಳು ನಾನೊಬ್ಬಳು."

"ಆ ಖುಷಿ ನಾಟಕ ಅಲ್ಲ." ಅವನು ಮೊದಲ ಸಲ ತಿರುಗಿ ಕೂತ. "ಆವತ್ತು ನಾನು ಪಿಟೀಲನ್ನ ನೋಡ್ಲೇ ಇಲ್ಲ. ನಿನ್ನನ್ನೇ ನೋಡ್ತಿದ್ದೆ. ಅಷ್ಟು ದಿನ ಆದ್ಮೇಲೆ ನೀನು ನಕ್ಕಿದ್ದೆ."

"ನನ್ನ ಕೈಲಿ ಆಗತ್ತೆ ಅಂದಿದ್ದೆ ನೀನು. ನಂಬಿದ್ಯಾ ಅದನ್ನ, ಒಂದು ದಿನವಾದ್ರೂ?"

"ಮೊದಲ ವಾರ ನಂಬಿದ್ದೆ," ಎಂದ. "ಆಮೇಲೆ ಹೆದರಿಕೊಂಡೆ."

ಅದೊಂದು ಮಾತು ಮಾತ್ರ ನಿಜವೆಂದು ಅವಳಿಗೆ ತಿಳಿಯಿತು. ಅದಕ್ಕೇ ಅದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತು ಉಪ್ಪಿನಷ್ಟೇ ಬಳಕೆಯಾಯಿತು. ಅವನು ಬಾಗಿಲಲ್ಲಿ ಕೆಮ್ಮುವುದನ್ನು ಬಿಟ್ಟ. ಅಕ್ಕನ ಬಳಿ ಹೋಗಿ, ಅವಳು ಕಳಿಸಿದ್ದಲ್ಲ, ನಾನೇ ಸುಳ್ಳು ಹೇಳಿದ್ದು ಎಂದು ಒಪ್ಪಿಕೊಂಡ. ಮಕ್ಕಳನ್ನು ಕೂರಿಸಿಕೊಂಡು, "ಅಮ್ಮನ ಹತ್ರ ಮುಚ್ಚಿಡಿ ಅಂದಿದ್ದು ನನ್ನ ತಪ್ಪು," ಎಂದ. ಅವಳು ತಾನಾಗೇ ಅತ್ತಿಗೆಗೆ ಫೋನ್ ಮಾಡಿ, ಓದಿಸುವ ರೀತಿಯನ್ನು ನನಗೆ ಕಲಿಸಿ ಎಂದು ಕೇಳಿದಳು. ಕೇಳುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಗಂಡನನ್ನು ಕ್ಷಮಿಸುವುದು ಮಾತ್ರ ಆಗಲಿಲ್ಲ. ಅವನು ಒಳ್ಳೆಯ ಮಾತಾಡಿದರೂ ಇದರ ಹಿಂದೆ ಏನಿದೆಯೋ ಎಂದು ಮನಸ್ಸು ತಡಕಾಡುತ್ತಿತ್ತು. ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿ ಇದ್ದಲ್ಲೇ ಇತ್ತು, ನಂಬಿಕೆ ಮಾತ್ರ ಮನೆ ಬಿಟ್ಟು ಹೋಗಿತ್ತು.

ಒಂದು ಬೆಳಿಗ್ಗೆ ಅವನು ಹೊಸ್ತಿಲಲ್ಲಿ ಕೂತು ಶೂ ಹಾಕಿಕೊಳ್ಳುತ್ತಿದ್ದ. ಅವಳು ಗುಂಡುವಿನ ಸ್ಲೇಟಿನ ಮೇಲೆ ಒಂದು ಪದ ಬರೆದಳು. ಗುಂಡು ಇನ್ನೂ ಬಿಡಿ ಅಕ್ಷರ ಗುರುತಿಸುವವನು, ಅಷ್ಟೆ.

"ಉ," ಎಂದ ಗುಂಡು. "ಗು. ರು."

ಅವನು ನಿಲ್ಲಿಸಿದ; ಅವಳ ಕಣ್ಣು ಸ್ಲೇಟಿನ ಮೇಲೇ ಇತ್ತು.

"ಉಗುರು."

ಅವಳ ಕಣ್ಣು ತಟ್ಟನೆ ಗಂಡನ ಮುಖಕ್ಕೆ ಹೋಯಿತು. ಇದೂ ಅವನಿಗೆ ಮೊದಲೇ ಗೊತ್ತಿತ್ತೇ ಎಂದು ಅಲ್ಲಿ ಹುಡುಕಿತು. ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ, ಅವನು ಬಾಯಿ ತೆರೆದುಕೊಂಡು ಮಗನನ್ನೇ ನೋಡುತ್ತಿದ್ದ. ಅವಳು ಅಲ್ಲಿದ್ದಾಳೆಂಬುದೇ ಅವನಿಗೆ ನೆನಪಿರಲಿಲ್ಲ. ಇದು ಅವನಿಗೂ ಮೊದಲ ಸಲ.

ಅವಳು ಮಗನ ಕಡೆ ತಿರುಗಿದಳು. ಅಷ್ಟರಲ್ಲಿ ಗುಂಡು ಸ್ಲೇಟು ಬಿಟ್ಟು ಅಕ್ಕನಿಗೆ ಹೇಳಲು ಓಡಿಯಾಗಿತ್ತು. ಅವಳು ಕುರ್ಚಿಯಲ್ಲಿ ಕುಸಿದು ಅತ್ತಳು.

ಅವನು ಒಂದೇ ಶೂನಲ್ಲಿ ಎದ್ದು ಬಂದ. "ಓದಿದ್ನಲ್ಲ, ಯಾಕೆ ಅಳ್ತೀಯಾ? ನಂಗೆ ಗೊತ್ತಿರಲಿಲ್ಲ, ಆಣೆ."

"ಅದು ನಂಗೆ ಕಾಣಿಸ್ತು," ಎಂದಳು ಬಿಕ್ಕುತ್ತ. "ಅವನ ಮುಖ ನೋಡೋ ಹೊತ್ತಲ್ಲಿ ನಿನ್ನ ಮುಖ ನೋಡ್ತಾ ಕೂತೆ. ಪಿಟೀಲು ಮೊದಲ ಸಲ ಓದಿದಾಗಿನ ಮುಖ ಸಿಗಲಿಲ್ಲ, ಇವನದೂ ಸಿಗಲಿಲ್ಲ. ಇದು ನೀನು ಮಾಡಿದ್ದು."

"ನಾನೇ ಮಾಡಿದ್ದು." ಅವನ ಕಣ್ಣೂ ತುಂಬಿತ್ತು. ಅವಳ ಮುಂದೆ ನೆಲದ ಮೇಲೆ ಕೂತ. "ನಾನು ನೋಡಿದೆ. ಹೇಳ್ಲಾ?"

ಅವಳು ಎದ್ದು ಹೋಗಲಿಲ್ಲ.

"ಮೂರೂ ಅಕ್ಷರ ಹೇಳಿ ನಿಲ್ಲಿಸಿದ. ನೀನು ಮಾಡ್ತೀಯಲ್ಲ, ಕತ್ತರಿ ಹಿಡಿಯೋ ಮುಂಚೆ ಹುಬ್ಬು ಗಂಟಿಕ್ಕೋದು, ಥೇಟ್ ಹಾಗೇ ಗಂಟಿಕ್ಕಿದ. ತುಟಿ ಅಲ್ಲಾಡ್ತು, ಸದ್ದಿಲ್ಲ. ಆಮೇಲೆ ಉಗುರು ಅಂದ. ಅಂದವನು ತನ್ನ ಹೆಬ್ಬೆರಳು ಎತ್ತಿ ಉಗುರು ನೋಡ್ಕೊಂಡ, ಇದೇನಾ ಅಂತ. ಆಮೇಲೆ ನಕ್ಕ. ನಕ್ಕು ನಿನ್ನ ಕಡೆ ನೋಡಿದ."

"ನನ್ನ ಕಡೆ ನೋಡಿದ್ನಾ?"

"ಮೊದಲು ನಿನ್ನ ಕಡೆ ನೋಡಿದ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಬೇರೆ ಸಾಕ್ಷಿ ಇರಲಿಲ್ಲ. ನಂಬಬೇಕಾದ್ದು ಅವನೊಬ್ಬನನ್ನೇ. ಅವನ ಡ್ಯೂಟಿಯ ಹೊತ್ತು ಮೀರುತ್ತಿತ್ತು.

"ಇನ್ನೊಂದ್ಸಲ ಹೇಳು," ಎಂದಳು ಅವಳು. "ಹೆಬ್ಬೆರಳು ಎತ್ತಿದ್ದರಿಂದ ಹೇಳು."