ಮಾಸದ ಕುಂಕುಮ

"ಇಷ್ಟು ಬಿಸಿಲಿದೆಯಲ್ಲ, ಮತ್ತೆ ಯಾಕೆ ತಿಳಿಯಾಗಲಿಲ್ಲ?"

ತಾರಸಿಯ ಮೇಲೆ ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಧಾರಿಣಿ ಗಾಜಿನ ಲೋಟವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು. ನೀರು ಮಜ್ಜಿಗೆಯ ಹಾಗೆ ಬೆಳ್ಳಗಿತ್ತು. ಹುಳಿ ವಾಸನೆ ಬೇರೆ.

ದಿಲ್ಲಿಯ ರೋಹಿಣಿ ಬಡಾವಣೆಯ ಆ ಕಟ್ಟಡದ ಕೆಳಗೆ ವಸಂತಿಯಕ್ಕನ ದೋಸೆಹಿಟ್ಟಿನ ಘಟಕ. ಅಕ್ಕಿ, ಉದ್ದು ತೊಳೆದ ನೀರು ಚರಂಡಿಯಲ್ಲಿ ನಾರುತ್ತದೆಂದು ದೂರು ಬಂದಿತ್ತು. ಸಂಶೋಧನೆ ಮಾಡುತ್ತಿದ್ದ ಧಾರಿಣಿ ಅದಕ್ಕೊಂದು ದಾರಿ ಹುಡುಕಿದ್ದಳು. ಓರೆಯಾಗಿ ನಿಲ್ಲಿಸಿದ ನಾಲ್ಕು ಗಾಜಿನ ಹಲಗೆ. ಅವುಗಳಿಗೆ ಬಿಳಿಯ ಲೇಪ. ಬಿಸಿಲು ತಾಗಿದೊಡನೆ ಲೇಪ ಎಚ್ಚೆತ್ತು, ಮೇಲೆ ಹರಿಯುವ ನೀರಿನ ಕೊಳೆಯನ್ನು ಒಡೆದುಹಾಕುತ್ತದೆ. ತಿಂಗಳುಗಟ್ಟಲೆ ಅದು ಕೆಲಸ ಮಾಡಿತ್ತು. ಇವತ್ತು ಇಲ್ಲ. ನಾಳೆ ಬೆಳಿಗ್ಗೆ ಮಾಲಿನ್ಯ ತಪಾಸಣೆಯವರು ಬರುತ್ತಾರೆ. ನೀರು ಹೀಗೇ ಇದ್ದರೆ ಘಟಕಕ್ಕೆ ಬೀಗ.

ವಸಂತಿಯಕ್ಕನ ಮೈದುನ ಅಣ್ಣು ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದ. ಸಂಜೆಸಂಜೆ ಅವನದು ಅದೇ ಕೆಲಸ.

"ಎಂತ ಮೇಡಂ, ಗಾಜಿಗೆ ಉಪವಾಸವಾ? ಶುಕ್ರವಾರ ಅತ್ತಿಗೆ ಇಟ್ಟ ಕುಂಕುಮವನ್ನೂ ಸಂಜೆಯೊಳಗೆ ತಿಂದು ಮುಗಿಸ್ತಿತ್ತಲ್ಲ ಇದು."

ದಿಲ್ಲಿಯ ಹೊಗೆಯಿಂದ ಹೀಗಾಗಿದೆ ಎಂದು ಅವನ ವಾದ. ಧಾರಿಣಿ ಒಪ್ಪಲಿಲ್ಲ. ಎರಡು ದಿನದಿಂದ ಗಾಳಿ ಬೀಸಿ ಆಕಾಶ ತೊಳೆದಿಟ್ಟ ಹಾಗಿತ್ತು. ಅವಳ ಅನುಮಾನ ಅವನ ಮೇಲೇ ಹೋಯಿತು. ಗಾಜು ತೆಗೆಸಿ ಅಲ್ಲಿ ಅಕ್ಕಿ ಮೂಟೆಗೆ ತಗಡಿನ ಮಾಡು ಹಾಕಬೇಕೆಂದು ಅವನು ಹಟ ಹಿಡಿದಿದ್ದ. ಅವಳು ವಾರವಿಡೀ ಜ್ವರದಲ್ಲಿ ಮಲಗಿದ್ದಾಗ ಆಸಿಡ್ ಹಾಕಿ ಉಜ್ಜಿರಬಹುದೇ?

ಬಗ್ಗಿ ನೋಡಿದಳು. ಒಂದು ಗೀರೂ ಇಲ್ಲ. ನೀರು ಹರಿಯದ ಮೇಲಂಚಿನಲ್ಲಿ ನಾಲ್ಕು ಕುಂಕುಮದ ಬೊಟ್ಟು, ಈಗಷ್ಟೇ ಇಟ್ಟಂತೆ ಕೆಂಪಗೆ.

* * *

ಕೆಳಗೆ ವಸಂತಿಯಕ್ಕ ಚಹಾ ಕೊಟ್ಟಳು. ನಾಳೆಯ ಮಾತು ಎತ್ತಲಿಲ್ಲ.

ಶುಕ್ರವಾರ ಗಾಜಿಗೆ ಪೂಜೆ ಮಾಡಿದಿರಾ ಎಂದು ಧಾರಿಣಿ ಕೇಳಿದಳು.

"ಎಂತ ಪೂಜೆ ಮಗಾ? ಊರಲ್ಲಿ ದೊಡ್ಡ ಮಾವ ತೀರಿಕೊಂಡು ನಮಗೆ ಸೂತಕ. ದೀಪವೇ ಹಚ್ಚಿಲ್ಲ."

ಪ್ರತಿ ಶುಕ್ರವಾರ ಕುಂಕುಮ ಕಾಣುವ ಗ್ರೈಂಡರಿನ ಹಣೆಯೂ ಬೋಳಾಗಿತ್ತು.

ಧಾರಿಣಿಯ ಕೈಯಲ್ಲಿ ಚಹಾ ಆರಿತು. ಕುಂಕುಮ ಇಟ್ಟವರು ಮನೆಯವರಲ್ಲ. ಮೇಲೆ ಯಾರು ಬಂದಿದ್ದರು ಎಂದು ಕೇಳಿದಳು. ಶುಕ್ರವಾರ ನಿನ್ನ ಲ್ಯಾಬಿನ ಶ್ರೀವತ್ಸ ಎಂದಿನಂತೆ ಬಂದಿದ್ದನಲ್ಲ, ಬಟ್ಟೆ ಸುತ್ತಿ ಏನನ್ನೋ ತಂದಿದ್ದ, ಗಾಜು ಒರೆಸಿಡಲು ನೀನೇ ಹೇಳಿದ್ದೆಯಂತೆ ಎಂದಳು ವಸಂತಿಯಕ್ಕ.

ಧಾರಿಣಿ ಏನೂ ಹೇಳಿರಲಿಲ್ಲ. ಮತ್ತೆ ಮೇಲೆ ಹತ್ತಿದಳು. ಉಗುರಿನಿಂದ ಕೆರೆದಳು. ಬಿಳುಪು ಸುಣ್ಣದ ಹಾಗೆ ಎದ್ದು ಬಂತು. ಬರೀ ಪೇಂಟು, ಅವಳ ಗಾಜೇ ಅಲ್ಲ.

* * *

ಕಾಶ್ಮೀರಿ ಗೇಟಿನಲ್ಲಿ ಮೆಟ್ರೊ ಬದಲಿಸಿ, ಶ್ರೀವತ್ಸನ ಕೋಣೆಯಿರುವ ಹೌಜ್ ಖಾಸ್‌ಗೆ ಬರುವವರೆಗೆ ಅವಳು ಕಣ್ಣು ಮುಚ್ಚಿಯೇ ಕೂತಿದ್ದಳು. ಲ್ಯಾಬಿನಲ್ಲಿ ಕನ್ನಡದವರು ಇಬ್ಬರೇ, ಅವಳು ಮತ್ತು ಶ್ರೀವತ್ಸ. ಜ್ವರದಲ್ಲಿ ಹಾಸ್ಟೆಲಿನ ಬಾಗಿಲಿಗೆ ಗಂಜಿ ತಂದವನು ಅವನೊಬ್ಬನೇ. ಅದರ ರುಚಿ ಇನ್ನೂ ನಾಲಿಗೆಯಲ್ಲಿತ್ತು.

ಬಾಡಿಗೆ ಕೋಣೆಯ ಬಾಗಿಲು ತೆರೆದವನು ನಕ್ಕ. ಮಂಚದ ಬದಿಗೆ ಹೊದಿಕೆ ಸುತ್ತಿದ ಚಪ್ಪಟೆ ಗಂಟು. ಅವಳು ಅದನ್ನೇ ನೋಡುತ್ತಾ ನಿಂತಳು. ಅವನ ನಗು ಇಳಿಯಿತು.

"ಹೇಗೆ ಗೊತ್ತಾಯ್ತು?"

"ಕುಂಕುಮ ಯಾಕೆ ಇಟ್ಟೆ?"

"ಯಾವಾಗಲೂ ಇರುತ್ತಲ್ಲ. ಇಲ್ಲದಿದ್ದರೆ ವಸಂತಿಯಕ್ಕ ಕೇಳ್ತಾರೆ ಅಂತ ಮೊದಲೇ ಇಟ್ಟು ತಂದೆ."

"ಯಾವಾಗಲೂ ಇರಲ್ಲ. ಶುಕ್ರವಾರ ಬೆಳಿಗ್ಗೆ ಮಾತ್ರ ಇರುತ್ತೆ. ಸಂಜೆಯೊಳಗೆ ಲೇಪ ಅದನ್ನೂ ಒಡೆದುಹಾಕುತ್ತೆ. ಸಂಜೆ ಬಟ್ಟೆ ತೆಗೆಯೋ ಅಣ್ಣುವಿಗೂ ಗೊತ್ತು, ಅವನಾಗಿದ್ದರೆ ಇಡ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ನೀರಿನ ಸ್ಯಾಂಪಲ್ಲಿಗೆ ಅಂತ ಬಂದು ಹೋಗೋನು ನೀನೊಬ್ಬನೇ. ಈ ಸಲ ಅವರಿಗೆ ಸೂತಕ, ಪೂಜೆಯೇ ಇರಲಿಲ್ಲ. ಇವತ್ತು ಮಂಗಳವಾರ, ಬೊಟ್ಟು ಹಾಗೇ ಇದೆ."

ಶ್ರೀವತ್ಸ ಮಂಚದ ಮೇಲೆ ಕುಸಿದು ಕೂತ. ಇಷ್ಟು ವರ್ಷ ಅದೇ ಲೇಪದ ಬಗ್ಗೆ ಓದಿದವನು, ಕುಂಕುಮವೂ ಅದರ ಪಾಲಿಗೆ ಕೊಳೆಯೇ ಎಂದು ಯೋಚಿಸಿರಲಿಲ್ಲ. ನಿಧಾನಕ್ಕೆ ಹೇಳಿಕೊಂಡ. ಅವನ ಗಾಜಿಗೆ ಲೇಪ ನಿಲ್ಲುತ್ತಲೇ ಇರಲಿಲ್ಲ. ನಾಳೆ ನೋಯ್ಡಾದ ಕಂಪನಿಯೊಂದರಲ್ಲಿ ಸಂದರ್ಶನ, ಮಾಡಿ ತೋರಿಸಬೇಕು, ಅದಕ್ಕೇ ಅವಳ ಗಾಜು ತಂದಿದ್ದ. ತಪಾಸಣೆಯೂ ನಾಳೆಯೇ ಎಂಬುದು ಗೊತ್ತಿರಲಿಲ್ಲವಂತೆ. ಅದನ್ನು ಅವಳು ನಂಬಿದಳು.

ಅವಳು ಗಂಟನ್ನು ಎತ್ತಿಕೊಂಡಳು. ಭಾರವಿತ್ತು. ಅವನು ಬಾಗಿಲಿಗೆ ಅಡ್ಡ ಬರಲಿಲ್ಲ, ಕೈ ಮಾತ್ರ ಚಾಚಿದ.

"ನಾಳೆ ಒಂದು ದಿನ ಬಿಡು ಧಾರಿಣಿ. ತಪಾಸಣೆಯವರು ಇನ್ನೊಂದು ಅವಕಾಶ ಕೊಟ್ಟೇ ಕೊಡ್ತಾರೆ, ನನಗೆ ಯಾರೂ ಕೊಡಲ್ಲ." ಆಮೇಲೆ ದನಿ ತಗ್ಗಿಸಿದ. "ನಾನೂ ಇಲ್ಲ ಅಂದ್ರೆ ಈ ಊರಲ್ಲಿ ನಿನಗೆ ಸ್ನೇಹಿತರು ಅಂತ ಯಾರಿದ್ದಾರೆ ಹೇಳು?"

ಕೆಳಗೆ ಬೀದಿಯಲ್ಲಿ ತರಕಾರಿ ಭಯ್ಯಾ ಕೂಗುತ್ತಾ ಹೋದ. ಅವಳು ಗಂಟನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡಳು.

"ಯಾರೂ ಇಲ್ಲ," ಎಂದಳು. "ಆದರೂ ಬಿಡಲ್ಲ."